ಖಾಲಿ ಗಾಡಿಯ ಹವಾ

ತುಂಬಿದ ಗಾಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಷ್ಟು ಕ್ವಿಂಟಲ್ ಹೊತ್ತಿತು, ತವಂದಿ ಘಾಟನ್ನು ಯಾವ ಗೇರಿನಲ್ಲಿ ಹತ್ತಿತು, ಪಾಟಾ ಎಷ್ಟು ಕೂತಿತು ಎಂದು ಚಿಕ್ಕೋಡಿಯ ಚಹಾದಂಗಡಿ ಮುಂದೆ ನಿಂತ ಪಿಕಪ್ ಚಾಲಕರ ಮಾತೆಲ್ಲ ಹೊರೆಯ ಸುತ್ತಲೇ ತಿರುಗುತ್ತದೆ. ಆದರೆ ಈ ಸೀಮೆಯ ಪಿಕಪ್ಪು ತನ್ನ ಆಯುಷ್ಯದ ದೊಡ್ಡ ಪಾಲನ್ನು ಖಾಲಿಯಾಗಿಯೇ ಓಡಿ ಕಳೆಯುತ್ತದೆ. ನಿಪ್ಪಾಣಿ ಕಡೆಯ ಕಾಯಿಪಲ್ಲೆ ನಸುಕಿನಲ್ಲೇ ಕೊಲ್ಹಾಪುರ ಸೇರಬೇಕು. ರಾಯಬಾಗದ ಅರಿಶಿನ ಸಾಂಗಲಿ ಪೇಟೆಗೆ ಹೋಗಬೇಕು. ಅಥಣಿ, ಕಾಗವಾಡದ ಮಾಲಿಗೆ ಮಿರಜ ಹತ್ತಿರ. ಹೋಗುವಾಗ ಚಾಸಿ ನೆಲ ಮುಟ್ಟುವಂತೆ ತುಂಬಿದ್ದು, ಬರುವಾಗ ನಾಲ್ಕು ಖಾಲಿ ಕ್ರೇಟು, ಒಂದು ಹಗ್ಗ, ಮಡಚಿದ ತಾಡಪತ್ರಿ. ಮರಳಿ ಬರುವ ಬಾಡಿಗೆ ಸಿಕ್ಕರೆ ಆ ದಿನ ಹಬ್ಬ, ಸಿಗದ ದಿನವೇ ಹೆಚ್ಚು.

ಈ ಮರಳುವ ದಾರಿಯ ಸುಖದುಃಖ ಹಿಂದಿನ ಎರಡು ಟೈರುಗಳ ಹವಾದಲ್ಲಿದೆ. ಅದರ ಹದ ಗೊತ್ತಿದ್ದವರು ಇಲ್ಲಿದ್ದಾರೆ, ಆದರೆ ಕಡಿಮೆ. ಹದ ತಪ್ಪಿದ್ದನ್ನು ನೋಡಬೇಕೆಂದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾಗವಾಡದಿಂದ ಉಗಾರದ ಮೇಲೆ ಕುಡಚಿ ಕಡೆಗೆ ಬರುವ ಖಾಲಿ ಪಿಕಪ್ಪಿನ ಹಿಂದೆ ಸ್ವಲ್ಪ ದೂರ ಹೋಗಿ. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಹೊಲದಿಂದ ಹೊತ್ತು ತಂದ ಎರಿ ಮಣ್ಣು ಡಾಂಬರಿನ ಮೇಲೆ ಬಿದ್ದು, ಒಣಗಿ, ಕಲ್ಲಾಗಿರುತ್ತದೆ. ಅದರ ಮೇಲೆ ಹಾಯ್ದಾಗ ಮುಂದಿನ ಗಾಲಿಗಳು ಸುಮ್ಮನೆ ಹತ್ತಿ ಇಳಿಯುತ್ತವೆ. ಹಿಂದಿನವು ಹತ್ತುವುದೇ ಇಲ್ಲ, ಹಾರುತ್ತವೆ. ಕ್ರೇಟುಗಳು ಒಂದರ ಮೇಲೊಂದು ಕುಣಿಯುತ್ತವೆ, ಹಿಂಬಾಗಿಲ ಸರಪಳಿ ತಗಡಿಗೆ ಬಡಿದುಕೊಳ್ಳುತ್ತದೆ, ಡಾಂಬರು ಬಿಟ್ಟು ಮೇಲೆದ್ದ ಗಾಲಿ ಮತ್ತೆ ಕೆಳಗೆ ಕೂರುವಾಗ ಗಾಡಿಯ ಹಿಂಭಾಗ ಅರ್ಧ ಗೇಣು ಪಕ್ಕಕ್ಕೆ ಸರಿದಿರುತ್ತದೆ. ಚಾಲಕ ಇದಕ್ಕೆ ರಸ್ತೆಯನ್ನು ಬೈಯುತ್ತಾನೆ. ರಸ್ತೆಗೆ ಬೈಗುಳ ಸಲ್ಲಬೇಕಾದ್ದೇ, ಆದರೆ ಪೂರ್ತಿ ಅಲ್ಲ.

ಪಿಕಪ್ಪಿನ ಹಿಂದಿನ ಪಾಟಾ ಮಾಡಿರುವುದು ಹೊರೆಗಾಗಿ. ಒಂದರ ಕೆಳಗೊಂದು ಜೋಡಿಸಿದ ಆ ಉಕ್ಕಿನ ಪಟ್ಟಿಗಳು ಒಂದು ಟನ್ನಿಗಿಂತ ಹೆಚ್ಚು ಭಾರ ಬಿದ್ದಾಗ ಬಾಗಬೇಕು, ಮುರಿಯಬಾರದು. ಖಾಲಿ ಇದ್ದಾಗ ಅವು ಬಾಗುವುದು ಅಷ್ಟಕ್ಕಷ್ಟೇ, ಸೆಟೆದು ನಿಂತಿರುತ್ತವೆ. ಆಗ ರಸ್ತೆಗೂ ಗಾಡಿಗೂ ನಡುವೆ ಮೆತ್ತಗಿರುವುದು ಒಂದೇ, ಟೈರಿನೊಳಗಿನ ಹವಾ. ತುಂಬಿದ ಗಾಡಿಗೆ ಪಾಟಾ ಇದೆ, ಹೊರೆಯ ತೂಕವೇ ಇದೆ. ಖಾಲಿ ಗಾಡಿಗೆ ಹವಾ ಬಿಟ್ಟರೆ ಗತಿಯಿಲ್ಲ. ಆ ಹವಾವನ್ನೂ ಕಲ್ಲಿನಂತೆ ಬಿಗಿಮಾಡಿಟ್ಟರೆ ಅದು ಎಗರದೆ ಇನ್ನೇನು ಮಾಡೀತು?

ಲೆಕ್ಕ ಹಾಕಿ ನೋಡಿದರೆ ಇದರ ಸೊಗಸು ಇನ್ನೂ ಚೆನ್ನಾಗಿ ಕಾಣುತ್ತದೆ. ಖಾಲಿ ಇದ್ದಾಗ 1,700 ಕಿಲೋ ತೂಗುವ, 1,300 ಕಿಲೋ ಹೊರುವ ಒಂದು ಮಾದರಿ ಗಾಡಿ ಹಿಡಿಯೋಣ. ಖಾಲಿಯಲ್ಲಿ ಎಂಜಿನ್ನಿನ ಭಾರದಿಂದ ಮುಂದಿನ ಅಚ್ಚಿನ ಮೇಲೆ 950, ಹಿಂದಿನದರ ಮೇಲೆ 750 ಕಿಲೋ ಎನ್ನೋಣ. ಮಾಲು ಬಿದ್ದಾಗ ಮುಂದೆ ಏರುವುದು ನೂರೈವತ್ತರ ಹತ್ತಿರ, ಉಳಿದದ್ದೆಲ್ಲ ಹಿಂದಕ್ಕೆ. ಅಂದರೆ ಹಿಂದಿನ ಒಂದೊಂದು ಗಾಲಿಯ ಭಾರ 375 ಕಿಲೋದಿಂದ 950ಕ್ಕೆ ಜಿಗಿಯುತ್ತದೆ, ಎರಡೂವರೆ ಪಟ್ಟು. ಮುಂದಿನ ಗಾಲಿ 475ರಿಂದ 550ಕ್ಕೆ ಏರಿ ಅಲ್ಲಿಗೇ ನಿಲ್ಲುತ್ತದೆ. ಕಾರಿನವರಿಗೆ ಈ ಕಷ್ಟವಿಲ್ಲ. ಕಾರಿನಲ್ಲಿ ಒಬ್ಬ ಕೂತರೂ ಐವರು ಕೂತರೂ ಇಷ್ಟೊಂದು ಅಂತರ ಬೀಳುವುದಿಲ್ಲ. ಒಂದೇ ದಿನದಲ್ಲಿ ಎರಡು ಬೇರೆ ಬೇರೆ ಗಾಡಿಗಳಾಗಿ ಬಾಳುವುದು ಪಿಕಪ್ಪಿನ ಹಣೆಬರಹ. ಛೋಟಾ ಹಾಥಿಯದೂ ಹೆಚ್ಚುಕಡಿಮೆ ಇದೇ ಕಥೆ. 2005ರಲ್ಲಿ ಬಂದ ಟಾಟಾ ಏಸ್‌ಗೆ ಈ ಹೆಸರನ್ನು ಕಂಪನಿ ಇಡಲಿಲ್ಲ, ಜನರೇ ಇಟ್ಟರು.

ಆ ಮಾದರಿ ಗಾಡಿಯ ಹಿಂದಿನ ಟೈರಿನಲ್ಲಿ 65 ಪೌಂಡು ಹವಾ ಇದೆ ಎಂದುಕೊಳ್ಳಿ. ಒಂದು ಚದರ ಇಂಚಿಗೆ 65 ಪೌಂಡು ಎಂದರೆ ಒಂದು ಚದರ ಸೆಂಟಿಮೀಟರಿಗೆ ನಾಲ್ಕೂವರೆ ಕಿಲೋ. ಟೈರಿನ ಗೋಡೆಯ ಬಿಗುವನ್ನು ಲೆಕ್ಕಕ್ಕೆ ಬಿಟ್ಟರೆ, ಭಾರವನ್ನು ಒತ್ತಡದಿಂದ ಭಾಗಿಸಿದಾಗ ಬರುವುದು ಟೈರು ನೆಲ ಮುಟ್ಟಿರುವ ಜಾಗ. ತುಂಬಿದಾಗ ಅದು 208 ಚದರ ಸೆಂಟಿಮೀಟರು, ಖಾಲಿಯಾದಾಗ 82. ಬೆರಳು ಬಿಟ್ಟು ಬರೀ ಅಂಗೈಯನ್ನು ನೆಲಕ್ಕೂರಿದರೆ ಹೆಚ್ಚುಕಡಿಮೆ ಅಷ್ಟೇ ಜಾಗ. ಖಾಲಿ ಪಿಕಪ್ಪಿನ ಹಿಂಭಾಗ ಎರಡು ಅಂಗೈಗಳ ಮೇಲೆ ಓಡುತ್ತಿದೆ ಎಂದು ತಿಳಿದ ಮೇಲೆ ಮಳೆಗಾಲದ ತವಂದಿ ಘಾಟಿನ ತಿರುವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಾರರು. ಅದೇ ಟೈರನ್ನು 40 ಪೌಂಡಿಗೆ ಇಳಿಸಿದರೆ ಜಾಗ 133 ಚದರ ಸೆಂಟಿಮೀಟರಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ರಬ್ಬರಿನ ಹಿಡಿತ ಒಂದೂವರೆ ಪಟ್ಟು ನೆಲಕ್ಕೆ ಹರಡಿತು.

ಇಳಿಸಿದರೆ ಟೈರಿನ ಶಕ್ತಿ ಹೋಗುವುದಿಲ್ಲವೇ? ಹೋಗುತ್ತದೆ, ಆದರೆ ಹೆದರುವಷ್ಟಲ್ಲ. ಟೈರಿನ ಗೋಡೆಯ ಮೇಲೆ 106 ಎಂದು ಬರೆದಿದ್ದರೆ ಅದು 950 ಕಿಲೋ ಹೊರಬಲ್ಲದು ಎಂದರ್ಥ, ಪೂರ್ತಿ ಹವಾ ಇದ್ದಾಗ ಮಾತ್ರ. ಹವಾ ಅರ್ಧಕ್ಕಿಳಿದರೆ ಹೊರುವ ಶಕ್ತಿ ಅರ್ಧಕ್ಕಿಳಿಯುವುದಿಲ್ಲ, ನೂರಕ್ಕೆ ಅರವತ್ತರ ಆಸುಪಾಸು ಉಳಿಯುತ್ತದೆ. 65ರಿಂದ 40ಕ್ಕೆ ಬಂದ ಟೈರು ಇನ್ನೂ ಆರುನೂರು ಚಿಲ್ಲರೆ ಕಿಲೋ ತಡೆದೀತು. ನಮ್ಮ ಖಾಲಿ ಗಾಲಿ ಕೇಳುತ್ತಿರುವುದು 375. ಧಾರಾಳವಾಗಿ ಸಾಕು. ಆದರೆ ಇದು ಹದದ ಮಾತೇ ಹೊರತು ಅಳತೆಯ ಆಜ್ಞೆಯಲ್ಲ. ನಿಮ್ಮ ಗಾಡಿಯ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನೋ ಕೈಪಿಡಿಯನ್ನೋ ತೆಗೆದು ನೋಡಿ. ಅನೇಕ ಗಾಡಿಗಳಿಗೆ ಖಾಲಿಗೊಂದು, ತುಂಬಿದ್ದಕ್ಕೊಂದು ಅಂಕಿ ಕೊಟ್ಟಿರುತ್ತಾರೆ, ಓದಿದವರು ಕಡಿಮೆ. ಟೈರಿನ ಮೇಲೆ ಅಚ್ಚೊತ್ತಿದ ದೊಡ್ಡ ಅಂಕಿಯನ್ನೇ ಸರಿಯಾದ ಹವಾ ಎಂದು ತಿಳಿದವರು ಮಾತ್ರ ಊರೂರಿಗಿದ್ದಾರೆ. ಅದು ಆ ಟೈರಿನ ಮೇಲ್ಮಿತಿ. ದಿನಬಳಕೆಯ ಅಂಕಿಗೂ ಅದಕ್ಕೂ ಸಂಬಂಧವಿಲ್ಲ.

ಪಂಚರ್ ಅಂಗಡಿಯಲ್ಲಿ ಈ ವಿದ್ಯೆಯ ಬಗ್ಗೆ ಎರಡು ಪಕ್ಷಗಳಿವೆ.

"ಮಾಮಾ, ಹಿಂದ ಎಷ್ಟ ಬಿಡ್ಲಿ?"

"ಪಾಸಷ್ಟ."

"ಖಾಲಿ ಹೊಂಟೀರಿ, ಅಷ್ಟ ಯಾಕ ಬೇಕ್ರಿ? ಚಾಳೀಸ ಸಾಕಾಕ್ಕೇತಿ."

"ಬ್ಯಾಡಪಾ. ನಾಳಿ ನಸಿಕ್ಲೆ ಮಾಲ ಹಾಕೂದೈತಿ. ಹೊಲದಾಗ ಹವಾ ಯಾರ ಹಾಕ್ತಾರ?"

ಮಾಮಾನ ಮಾತು ತಳ್ಳಿಹಾಕುವಂಥದ್ದಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಇಲ್ಲಿ ನನಗೆ ಹಿಡಿಸುವುದು ಅಂಗಡಿ ಹುಡುಗನ ಕೈ. ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ವಾಲಿನ ಟೋಪಿ ಬಿಚ್ಚಿ ಬಾಯಲ್ಲಿ ಕಚ್ಚಿಕೊಳ್ಳುತ್ತಾನೆ, ನೆಲಕ್ಕಿಟ್ಟರೆ ಮಣ್ಣು ಸೇರುತ್ತದೆ. ನಳಿಗೆಯನ್ನು ವಾಲಿಗೆ ಒತ್ತುವ ಆ ಅರೆಕ್ಷಣ ಹವಾ ಚಿಸ್ ಎಂದು ತಪ್ಪಿಸಿಕೊಳ್ಳುತ್ತದೆ, ನೇರ ಕೂತ ಕೂಡಲೇ ಸದ್ದು ನಿಲ್ಲುತ್ತದೆ. ಕೈ ಪಳಗಿದವನಲ್ಲಿ ಆ ಸದ್ದು ಕೇಳಿಸುವುದೇ ಇಲ್ಲ ಎನ್ನಬೇಕು. ಇಳಿಸುವಾಗ ಉಗುರಿನ ತುದಿಯಿಂದ ವಾಲಿನ ಪಿನ್ನು ಒತ್ತಿ ಹಿಡಿಯುತ್ತಾನೆ. ಮೊದಲು ಗಡಸು ಸದ್ದು, ಬರಬರುತ್ತ ಅದು ದಪ್ಪವಾಗುತ್ತದೆ. ಹೊರಗೆ ಹಾರುವ ಗಾಳಿ ಹಿಗ್ಗುವುದರಿಂದ ಬೆರಳಿಗೆ ತಣ್ಣಗೆ ತಾಗುತ್ತದೆ, ಅಥಣಿಯ ಏಪ್ರಿಲ್ ಬಿಸಿಲಲ್ಲೂ. ಕೊನೆಗೆ ವಾಲಿನ ಬಾಯಿಗೆ ಬೆರಳಿಂದ ಒಂದಿಷ್ಟು ಉಗುಳು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ ಮೇಲಷ್ಟೇ ಟೋಪಿ ಹಾಕುತ್ತಾನೆ. ಆ ಪುಟ್ಟ ಪಿನ್ನಿನ ಹಿಂದೆ ನ್ಯೂಯಾರ್ಕಿನಲ್ಲಿ ನೆಲೆಸಿದ ಜರ್ಮನ್ ಮೂಲದ ಆಗಸ್ಟ್ ಶ್ರೇಡರ್ ಇದ್ದಾನೆ. 1890ರ ದಶಕದ ಆ ವಾಲಿನ ಸೂತ್ರ ಸೈಕಲ್ಲಿನಿಂದ ಕಬ್ಬಿನ ಟ್ರಾಲಿಯವರೆಗೆ ಇವತ್ತಿಗೂ ನಡೆದಿದೆ. ಇಷ್ಟು ಸಣ್ಣ ಸಾಮಾನು ಇಷ್ಟು ಕಾಲ ಬದಲಾಗದೆ ಉಳಿದದ್ದು ಅಪರೂಪ.

ಮೀಟರಿಗೆ ಭಾಷೆಯ ಗಡಿಯಿಲ್ಲ. ಒಬ್ಬರು ಅರವತ್ತೈದು ಎನ್ನುತ್ತಾರೆ, ಇನ್ನೊಬ್ಬರು ಪಾಸಷ್ಟ ಎನ್ನುತ್ತಾರೆ, ಮುಳ್ಳು ನಿಲ್ಲುವುದು ಒಂದೇ ಕಡೆ. ಆದರೆ ಎರಡು ಬಂಕಿನ ಮೀಟರುಗಳು ಒಂದೇ ಮಾತು ಹೇಳುವುದು ಕಡಿಮೆ. ಆದ್ದರಿಂದ ರಸಿಕನಾದವನು ಡ್ಯಾಶಿನ ಡಬ್ಬಿಯಲ್ಲಿ ತನ್ನದೊಂದು ಮೀಟರು ಇಟ್ಟುಕೊಳ್ಳಬೇಕು. ಅದು ಒಂದೆರಡು ಪೌಂಡು ಸುಳ್ಳು ಹೇಳಿದರೂ ದಿನವೂ ಒಂದೇ ಸುಳ್ಳು ಹೇಳುತ್ತದೆ, ಅಷ್ಟು ಸಾಕು. ನೈಟ್ರೋಜನ್ ಹಾಕಿಸಿ ಎನ್ನುವವರೂ ಇದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದಿದೆ. ಉಳಿದ ಪಾಲಿಗೆ ದುಡ್ಡು ಕೊಡಬೇಕೆನಿಸಿದವರು ಕೊಡಲಿ.

ಕಣ್ಣನ್ನು ನಂಬಬಾರದು. ಹಳೆಯ ನೈಲಾನ್ ಟೈರು ನೋಡಿ ಬೆಳೆದವರಿಗೆ ರೇಡಿಯಲ್ ಟೈರು ಯಾವಾಗಲೂ ಹವಾ ಇಳಿದಂತೆಯೇ ಕಾಣುತ್ತದೆ. ಹವಾ ಸರಿಯಿದ್ದಾಗಲೂ ಅದರ ಬುಡ ಸ್ವಲ್ಪ ಉಬ್ಬಿ ನಿಲ್ಲುತ್ತದೆ, ಅದರ ಕಟ್ಟೇ ಹಾಗೆ. ಆ ಉಬ್ಬು ಹೋಗುವವರೆಗೆ ಹವಾ ಹೊಡೆಸುವವರು ಖಾಲಿ ಗಾಡಿಯನ್ನು ಕುದುರೆ ಮಾಡುತ್ತಾರೆ. ಕಾಲಿನಿಂದ ಒದ್ದು, ಪಾನಾದಿಂದ ಬಡಿದು ಸದ್ದು ಕೇಳುವ ಪದ್ಧತಿ ಚೆಂದವೇ, ಲಾರಿ ಕ್ಲೀನರುಗಳು ಅದರಲ್ಲಿ ಪಂಡಿತರು. ಅದರಿಂದ ಪಂಚರಾದದ್ದು ತಿಳಿಯುತ್ತದೆ, 40ಕ್ಕೂ 50ಕ್ಕೂ ಇರುವ ಅಂತರ ತಿಳಿಯುವುದಿಲ್ಲ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಸುಣ್ಣದ ಕಡ್ಡಿಯದು. ಸಮನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಹಿಂದಿನ ಟೈರಿನ ಮೈಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ಚಾಕ್‌ಪೀಸಿನ ದಪ್ಪ ಗೆರೆ ಎಳೆಯಬೇಕು. ನೇರ ರಸ್ತೆಯಲ್ಲಿ ಸ್ವಲ್ಪ ದೂರ ನಿಧಾನವಾಗಿ ಹೋಗಿ ಇಳಿದು ನೋಡಬೇಕು. ಗೆರೆ ನಡುವೆ ಮಾತ್ರ ಅಳಿಸಿ ಎರಡು ಅಂಚಿನಲ್ಲಿ ಬೆಳ್ಳಗೆ ಉಳಿದಿದ್ದರೆ ಹವಾ ಹೆಚ್ಚು, ಟೈರು ಹೊಟ್ಟೆಯ ಮೇಲೆ ಓಡುತ್ತಿದೆ. ಅಂಚು ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಎರಡು ಮೂರು ಪೌಂಡು ಇಳಿಸುತ್ತ ಮತ್ತೆ ಗೆರೆ ಎಳೆಯುತ್ತ ಹೋದರೆ ಒಂದು ಹಂತದಲ್ಲಿ ಗೆರೆ ಈ ಕಡೆಯಿಂದ ಆ ಕಡೆಗೆ ಸಮನಾಗಿ ಮಾಸಿರುತ್ತದೆ. ಗಾಣದ ಮನೆಯಲ್ಲಿ ಬೆಲ್ಲ ಮಾಡುವವನು ಕುದಿವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, "ಇಳಸ್ರಿ" ಎನ್ನುತ್ತಾನಲ್ಲ, ಹಾಗೆ ಇಲ್ಲೂ ಒಂದು ಗಳಿಗೆ ಬರುತ್ತದೆ. ಆ ಅಂಕಿ ಕಂಪನಿಯ ಚೀಟಿಯ ಖಾಲಿ ಅಂಕಿಗಿಂತ ಕೆಳಗೆ ಹೋಗದಂತೆ ನೋಡಿಕೊಂಡು ಬರೆದಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಅದು ಮುಂದಿನ ಟೈರಿನ ಹವಾದ ನೆರೆಹೊರೆಯಲ್ಲೇ ಬಂದು ನಿಲ್ಲುತ್ತದೆ. ಎರಡೂ ಕಡೆಯ ಭಾರ ಆಗ ಹೆಚ್ಚುಕಡಿಮೆ ಸಮ ಇರುವುದರಿಂದ ಇದರಲ್ಲಿ ಅಚ್ಚರಿಯಿಲ್ಲ.

ಅಳೆಯುವುದು ಮಾತ್ರ ನಸುಕಿನಲ್ಲಿ, ಗಾಡಿ ರಾತ್ರಿಯೆಲ್ಲ ನಿಂತು ಟೈರು ತಣ್ಣಗಿದ್ದಾಗ. ಮಿರಜಿನಿಂದ ಬಿಸಿಲಲ್ಲಿ ಓಡಿ ಬಂದ ಟೈರಿನ ಹವಾ ಐದಾರು ಪೌಂಡು ಏರಿ ಕೂತಿರುತ್ತದೆ. ಕಾದಿದ್ದನ್ನು ನೋಡಿ ಇಳಿಸಿದರೆ ಮರುದಿನ ಬೆಳಿಗ್ಗೆ ಅದು ಸೊರಗಿರುತ್ತದೆ. 60 ಪೌಂಡಿನ ಆಸುಪಾಸಿನಲ್ಲಿ ಹತ್ತು ಡಿಗ್ರಿ ಬಿಸಿಗೆ ಎರಡೂವರೆ ಪೌಂಡು ವ್ಯತ್ಯಾಸ ಬೀಳುತ್ತದೆ, ಮಾಗಿಯ ಚಳಿಗೂ ಬೇಸಿಗೆಯ ಬಿಸಿಲಿಗೂ ಸೇರಿ ಲೆಕ್ಕ ಹಾಕಿಕೊಳ್ಳಿ.

ಟೈರಿನೊಳಗೆ ಗಾಳಿ ತುಂಬಬೇಕೆಂದು ಮೊದಲು ಹೊಳೆದದ್ದು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್‌ಗೆ, 1845ರಲ್ಲಿ, ಕುದುರೆ ಸಾರೋಟಿಗಾಗಿ. ಅದನ್ನು ಜಗತ್ತು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅದನ್ನೇ ಮತ್ತೆ ಮಾಡಿದ. ಹವಾ ಮರುಹುಟ್ಟು ಪಡೆದದ್ದು ಟನ್ನುಗಟ್ಟಲೆ ಹೊರಲಿಕ್ಕಲ್ಲ, ಗಟ್ಟಿ ರಬ್ಬರಿನ ಗಾಲಿಯಲ್ಲಿ ಕುಲುಕಾಡುತ್ತಿದ್ದ ಒಬ್ಬ ಹುಡುಗನ ಸುಖಕ್ಕೆ. ಆ ದೃಷ್ಟಿಯಿಂದ ನೋಡಿದರೆ ಖಾಲಿ ಪಿಕಪ್ಪಿನ ಹವಾದ ಬಗ್ಗೆ ತಲೆ ಕೆಡಿಸಿಕೊಳ್ಳುವವರೇ ಡನ್‌ಲಪ್ಪನ ನಿಜವಾದ ವಾರಸುದಾರರು. ನಮ್ಮ ಸೀಮೆಗೆ ಹವಾದ ಟೈರು ಎತ್ತಿನ ಗಾಡಿಯ ಮೂಲಕವೂ ಬಂತು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಂಥವುಗಳಿಗೆ ಕಬ್ಬು ಹೇರಿಕೊಂಡು ಬರುವ ಟೈರಿನ ಗಾಡಿಗಳನ್ನು ಇಂದಿಗೂ ಹಂಗಾಮಿನಲ್ಲಿ ಕಾಣಬಹುದು. ಕಬ್ಬು ಇಳಿಸಿ ಮರಳುವಾಗ ಎತ್ತುಗಳು ಓಟ ಕೀಳುತ್ತವೆ, ಮೇಲೆ ನಿಂತವನು ಎರಡೂ ಕಾಲಲ್ಲಿ ಕುಲುಕಾಡುತ್ತಿರುತ್ತಾನೆ. ಅವನ ಟೈರಿನ ಹವಾ ಇಳಿಸಲು ಯಾರೂ ಬರುವುದಿಲ್ಲ. ಅವನೂ ಕೇಳುವುದಿಲ್ಲ.

ಹದ ಕೂಡಿದ ಖಾಲಿ ಗಾಡಿಯಲ್ಲಿ ಕೂತು ಬರುವ ಸುಖವನ್ನು ಹೇಳದಿದ್ದರೆ ಇಷ್ಟೆಲ್ಲ ಬರೆದದ್ದು ದಂಡ. ಕುಡಚಿ ಸೇತುವೆಯ ಮೇಲೆ ಕಾಂಕ್ರೀಟಿನ ಸಂದು ಬಂದಾಗಲೆಲ್ಲ ಬಿಗಿ ಟೈರು ಬೆನ್ನುಹುರಿಗೆ ಮೊಳೆ ಹೊಡೆಯುತ್ತದೆ. ಹದವಾದದ್ದು "ದಬ್" ಎಂದು ದುಂಡಗೆ ಸದ್ದು ಮಾಡಿ ದಾಟುತ್ತದೆ. ಸ್ಟೇರಿಂಗು ಕೈಯಲ್ಲಿ ನಡುಗುವುದಿಲ್ಲ. ಕ್ರೇಟುಗಳು ಇಟ್ಟಲ್ಲಿಯೇ ಇರುತ್ತವೆ. ಹಂಪಿನ ಮೇಲೆ ಹಿಂದಿನ ಗಾಲಿ ಹತ್ತಿದ್ದು ಗೊತ್ತಾಗುತ್ತದೆ, ಇಳಿದದ್ದು ಗೊತ್ತಾಗುವುದಿಲ್ಲ. ಬ್ರೇಕು ಒತ್ತಿದಾಗಲೂ ಗುಣ ಬೇರೆ. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿನ ಮೇಲಿನ ಭಾರ ನೋಡಿ ಬ್ರೇಕಿನ ಒತ್ತಡವನ್ನು ಹಂಚುವ ಒಂದು ವಾಲು ಇರುತ್ತದೆ, ಖಾಲಿ ಇದ್ದಾಗ ಹಿಂದಿನ ಗಾಲಿಗೆ ಕಡಿಮೆ ಕೊಡುತ್ತದೆ. ಆದರೆ ನೆಲ ಬಿಟ್ಟು ಹಾರುತ್ತಿರುವ ಗಾಲಿಗೆ ಎಷ್ಟು ಕೊಟ್ಟರೇನು? ಅದು ನೆಲ ಹಿಡಿದಿದ್ದರೆ ಮಾತ್ರ ವಾಲಿನ ಜಾಣತನ ಉಪಯೋಗಕ್ಕೆ ಬರುತ್ತದೆ. ಟೈರಿನ ಆಯುಷ್ಯವೂ ಇದರಲ್ಲಿದೆ. ಖಾಲಿಯಲ್ಲೂ ಪೂರ್ತಿ ಹವಾದಲ್ಲಿ ಓಡಿದ ಹಿಂದಿನ ಟೈರು ನಡುವೆ ಬೋಳಾಗಿ, ಅಂಚಿನಲ್ಲಿ ಹೊಸದರಂತೆ ಬಟನ್ನು ಉಳಿಸಿಕೊಂಡು ಅಂಗಡಿಯ ಮೂಲೆ ಸೇರುತ್ತದೆ. ಅಲ್ಲಿ ರಾಶಿ ಹಾಕಿದ ಹಳೆಯ ಟೈರುಗಳನ್ನು ನೋಡಿದರೆ ಯಾರು ಹೇಗೆ ಓಡಿಸಿದರು ಎಂದು ಓದಬಹುದು.

ಕೃಷ್ಣೆಯ ದಂಡೆಯ ಎರಿ ಹೊಲಕ್ಕೆ ಖಾಲಿ ಗಾಡಿ ಇಳಿಸುವವರಿಗೆ ಇನ್ನೊಂದು ಲಾಭವಿದೆ. ಮಳೆ ಬಿದ್ದ ಎರಿಯಲ್ಲಿ ಬಿಗಿ ಟೈರು ಮಣ್ಣು ಕೊರೆದುಕೊಂಡು ಕೂರುತ್ತದೆ, ಮೆತ್ತಗಿನದು ಹರಡಿಕೊಂಡು ಹೊರಬರುತ್ತದೆ. ಇದಕ್ಕೂ ಮಿತಿ ಇದೆ. ಟ್ಯೂಬಿನ ಟೈರನ್ನು ತೀರ ಇಳಿಸಿದರೆ ಟೈರು ರಿಮ್ಮಿನ ಮೇಲೆ ಸರಿದು ವಾಲನ್ನು ಬುಡಸಮೇತ ಕೀಳುತ್ತದೆ, ಜಾಲಿಮುಳ್ಳಿನ ಪಂಚರಿಗಿಂತ ಕೆಟ್ಟದ್ದು. ಕಲ್ಲೋಳ–ಯಡೂರ ಸೇತುವೆಯ ಮೇಲೆ ನೀರು ಬಂದಾಗ ಹವಾ ಎಷ್ಟಿದ್ದರೂ ಇಳಿಯಬೇಡಿ, ಅದು ಟೈರಿನ ಮಾತಲ್ಲ.

ಈಗ ಮಾಮಾನ ಮಾತು. ದಿನವೂ ನಸುಕಿಗೆ ಹೊಲದಲ್ಲೇ ಮಾಲು ತುಂಬಿಕೊಂಡು, ಮಧ್ಯಾಹ್ನ ಖಾಲಿ ಬರುವವನು ಹವಾ ಇಳಿಸುವುದು ತಪ್ಪು. ಮರೆತು 40 ಪೌಂಡಿನ ಮೇಲೆ ಒಂದೂಕಾಲು ಟನ್ನು ಹೇರಿದರೆ ಟೈರಿನ ಗೋಡೆ ಸುತ್ತಿಗೊಮ್ಮೆ ಮಡಚಿಕೊಳ್ಳುತ್ತದೆ, ಒಳಗಿನ ನೂಲು ಕಾಯುತ್ತದೆ, ಹೆದ್ದಾರಿಯಲ್ಲಿ ಸಿಡಿಯುತ್ತದೆ. ಕುಣಿಯುವ ಖಾಲಿ ಗಾಡಿ ಸೊಂಟ ನೋಯಿಸುತ್ತದೆ, ಸಿಡಿಯುವ ತುಂಬಿದ ಗಾಡಿ ಹಾಗೆ ಬಿಡುವುದಿಲ್ಲ. ಅವನು ತುಂಬಿದ ಅಂಕಿಯಲ್ಲೇ ಇಟ್ಟು, ಬರುವಾಗ ನಿಧಾನ ಬರಲಿ. ಬೇಕಿದ್ದರೆ ಹಿಂದಿನ ಅಚ್ಚಿನ ಮೇಲೆ ಸರಿಯಾಗಿ ಬರುವಂತೆ ಎರಡು ಮೂರು ಉಸುಕಿನ ಚೀಲ ಬಿಗಿದು ಕಟ್ಟಲಿ. ಹವಾ ಇಳಿಸುವ ರುಚಿ ಬೇರೆಯವರದು. ಹಂಗಾಮು ಮುಗಿದು ವಾರಗಟ್ಟಲೆ ಬರೀ ಓಡಾಟಕ್ಕೆ ಗಾಡಿ ಹಚ್ಚುವವರು, ಹಗುರ ಮಾಲಿನವರು, ಚಪ್ಪಲಿ ಪೆಟ್ಟಿಗೆ ಹೇರುವ ಅಥಣಿಯವರು, ಬೀಡಿ ಕಟ್ಟು ಸಾಗಿಸುವ ನಿಪ್ಪಾಣಿಯವರು, ಪಿಕಪ್ಪನ್ನೇ ಕಾರಿನಂತೆ ಬಳಸುವ ಒಕ್ಕಲು ಮನೆಯವರು. ಇವರೆಲ್ಲ ಮುಂದಿನ ಟೈರನ್ನು ಮುಟ್ಟದೆ, ಹಿಂದಿನದನ್ನಷ್ಟೇ ಚೀಟಿಯ ಖಾಲಿ ಅಂಕಿಗೆ ತರಲಿ. ಚೀಟಿ ಹರಿದುಹೋಗಿದ್ದರೆ ಕಂಪನಿಯ ಸರ್ವಿಸಿನವರನ್ನು ಕೇಳಲಿ. ಮಾಲು ಹಾಕುವ ದಿನ ಮೊದಲು ಹವಾ ಏರಿಸಿ ಆಮೇಲೆ ಮೊದಲ ಚೀಲ ಇಡಲಿ. ಇಷ್ಟು ನೆನಪಿಡುವ ಸ್ವಭಾವ ನಿಮ್ಮದಲ್ಲವಾದರೆ ಈ ರುಚಿಗೆ ಬೀಳಬೇಡಿ, ತುಂಬಿದ ಅಂಕಿಯಲ್ಲೇ ಇರಲಿ. ಎಗರಿಕೊಂಡಾದರೂ ಮನೆ ಮುಟ್ಟುತ್ತೀರಿ.